ತಾಟು ಬಡಿದವರು

“ಹಾಡಿನ್ಯಾಗಿಂದ ನನ್ನ ಹೆಸರ ತಗಿ, ಮಲ್ಲು.”

ಬಾಲರಾಜ ವೇದಿಕೆಯ ಹಿಂದಿನ ಬಾಗಿಲಿನಿಂದ ಬಂದಿದ್ದ. ಆರು ವರ್ಷವಾಗಿತ್ತು, ಆದರೂ ಮಲ್ಲುವಿಗೆ ಗುರುತು ಹಿಡಿಯಲು ಹೊತ್ತು ಬೇಕಾಗಲಿಲ್ಲ. ನಂಬಿಸಿ ಕುತ್ತಿಗೆ ಕೊಯ್ದವನ ಮುಖ ಯಾರಿಗಾದರೂ ಮರೆಯುತ್ತದೆಯೇ? ಡ್ರಮ್ ಬಡಿಯುವ ಕೋಲುಗಳನ್ನು ಹಿಡಿದುಕೊಂಡೇ ಮಲ್ಲು ಎದ್ದು ನಿಂತ.

“ಯಾಕ, ನಾಚಿಕಿ ಬರಾಕತ್ತೈತೇನ?”

“ಯಾದಗಿರಿಯಾಗ ಮೊಬೈಲ್ ರಿಪೇರಿ ಅಂಗಡಿ ಇಟ್ಟೀನಿ. ಹಾಡಿನ ಸುದ್ದಿ ಅಲ್ಲಿತನಕ ಬಂದೈತಿ. ಮದುವಿ ಗೊತ್ತಾಗೈತಿ. ನಾಳಿ ಈ ಹಾಡ ಎಲ್ಲಾರ ಫೋನಿನ್ಯಾಗ ಬಂತಂದ್ರ ನಾ ಯಾರಿಗೆ ಮಾರಿ ತೋರಸ್ಲಿ? ಅವತ್ತ ಹೆದರಿ ಊರಿಗೆ ಓಡಿದ್ದು ಖರೇ, ಆದ್ರ ವಾರ್ಡನ್ನನ ಖೋಲಿಯೊಳಗ ನಾ ಕಾಲ ಇಟ್ಟಾವಲ್ಲ. ನಾನಂತ ನಿಂಗ ಯಾರ ಹೇಳಿದ್ರು?”

“ಕಣ್ಣಾರೆ ನೋಡಿದಾವ ಹೇಳ್ಯಾನ.”

“ಅಂವ ಎಲ್ಲಿ ನಿಂತ ನೋಡಿದ್ನಂತ, ಕೇಳಿಯೇನ?”

ಮಲ್ಲು ಕೇಳಿರಲಿಲ್ಲ. ಕೇಳುವ ಅಗತ್ಯವೂ ಅವನಿಗೆ ಕಂಡಿರಲಿಲ್ಲ. ನೋಡಿದವನು ಹಣಮೇಶ.

ಸುರಪುರದ ಆ ಖಾಸಗಿ ಹಾಸ್ಟೆಲಿನಲ್ಲಿ ಮೂವರೂ ಒಂದೇ ಕೋಣೆಯವರು. ಅನ್ನದಲ್ಲಿ ಹುಳು, ಬೇಳೆಯಲ್ಲಿ ಬರೀ ನೀರು. ಪಿಯುಸಿ ಎರಡನೇ ವರ್ಷ ಒಂದು ಮುಂಜಾನೆ ಮೂವರೂ ಸೇರಿ ಊಟದ ಕೋಣೆಯಲ್ಲಿ ತಾಟು ಬಡಿಯತೊಡಗಿದರು. ನೋಡುನೋಡುತ್ತ ಎಪ್ಪತ್ತು ಹುಡುಗರು ಬಡಿದರು. ಮೊದಲು ಶುರು ಮಾಡಿದವರು ಯಾರೆಂದು ವಾರ್ಡನ್ ಕೇಳಿದಾಗ ಒಬ್ಬನೂ ಬಾಯಿ ಬಿಡಲಿಲ್ಲ. ಆದರೆ ಸಂಜೆಯೊಳಗೆ ಯಾರೋ ಹೋಗಿ ಮಲ್ಲುವಿನ ಹೆಸರು ಕೊಟ್ಟಿದ್ದರು, ಅವನೊಬ್ಬನದೇ.

ಮರುದಿನ ಬೆಳಗಾಗುವುದರೊಳಗೆ ಬಾಲರಾಜ ಟ್ರಂಕ್ ಹೊತ್ತು ಊರಿಗೆ ಹೋಗಿಬಿಟ್ಟಿದ್ದ. “ನಿನ್ನಿ ಸಂಜಿಕ ಅಂವ ಆ ಖೋಲಿಯಿಂದ ಹೊರಗ ಬರೋದ ನಾನ ನೋಡ್ದೆ,” ಎಂದು ಹಣಮೇಶ ಹೇಳಿದ. ಅದು ಸಣ್ಣ ಮಾತಲ್ಲ. ವಾರ್ಡನ್ ಯಾರನ್ನೂ ಒಳಗೆ ಕರೆಯುತ್ತಿರಲಿಲ್ಲ. ಹುಡುಗರು ಚಪ್ಪಲಿ ಬಿಟ್ಟು ಹೊರಗೆ ನಿಂತು, ಕಿಟಕಿಯ ಸರಳಿನ ಸಂದಿಯಿಂದಲೇ ಮಾತಾಡಬೇಕಿತ್ತು. “ಹಾಸ್ಟೆಲ್ ಬಿಡೋತನಕ ಆ ಹೊಸ್ತಿಲ ನಾ ತುಳಿಲಿಲ್ಲ” ಎಂದು ಹಣಮೇಶ ಇಂದಿಗೂ ಎದೆ ತಟ್ಟಿಕೊಳ್ಳುತ್ತಾನೆ.

ಮಲ್ಲು ತುಳಿದಿದ್ದ, ಒಂದೇ ಒಂದು ಸಲ. ಅವನನ್ನು ಒಳಗೆ ಕರೆದು ಚಿಲಕ ಹಾಕಿದ ವಾರ್ಡನ್, ಹಾಸ್ಟೆಲ್ ಬಿಡುವ ಪತ್ರಕ್ಕೆ ಸಹಿ ಕೇಳಿದ. ಮಲ್ಲು ಅದನ್ನು ಅವನ ಮುಖಕ್ಕೆ ಎಸೆದು ಬಂದನೆಂದು ಊರೆಲ್ಲ ನಂಬಿದೆ, ಇಂದು ಹಾಡಲಿರುವ ಆಲ್ಬಮ್ಮಿನ ಕೊನೆಯ ಹಾಡೂ ಹಾಗೇ ಹೇಳುತ್ತದೆ. ನಿಜವೆಂದರೆ ಅವನು ಕಾಲಿಗೆ ಬಿದ್ದಿದ್ದ. ಪರೀಕ್ಷೆಗೆ ಹದಿನೈದೇ ದಿನವಿದೆ ಎಂದು ಗೋಗರೆದಿದ್ದ. ವಾರ್ಡನ್ ಕರಗಲಿಲ್ಲ. ಎದ್ದು ತಿರುಗಿದಾಗ, ಮುಚ್ಚಿದ ಕದದ ಹಿಂಬದಿಗೆ ಮೊಳೆಯೊಂದರಲ್ಲಿ ಸಣ್ಣ ಕೂಸಿನ ಕೆಂಪು ಫ್ರಾಕು ತೂಗುತ್ತಿತ್ತು. ಒಂಟಿಯಾಗಿದ್ದ ಆ ಮನುಷ್ಯನ ಕೋಣೆಯಲ್ಲಿ ಅದು ಯಾರದೋ, ಯಾಕೋ. ಹೊರಗಿನ ಕಿಟಕಿಯಿಂದ ಅದು ಕಾಣುತ್ತಿರಲಿಲ್ಲ, ಒಳಗೆ ಬಂದು ಕದ ಮುಚ್ಚಿದರಷ್ಟೇ ಕಾಣುತ್ತಿತ್ತು. ಅದನ್ನೇ ನೋಡುತ್ತ ಕಣ್ಣು ಒರೆಸಿಕೊಂಡಿದ್ದ. ಅದರ ಮಾತೆತ್ತಿದರೆ ಕಾಲಿಗೆ ಬಿದ್ದದ್ದನ್ನೂ ಹೇಳಬೇಕಾಗುತ್ತದೆಂದು ಯಾರ ಮುಂದೆಯೂ, ಅವ್ವ ರೇಣಮ್ಮನ ಮುಂದೆ ಕೂಡ, ಬಾಯಿ ಬಿಟ್ಟಿರಲಿಲ್ಲ.

ಹಾಸ್ಟೆಲಿನಿಂದ ಹೊರಬಿದ್ದು ಪರೀಕ್ಷೆ ತಪ್ಪಿತು. “ಆತು, ಕುರಿ ಕಾಯಿ” ಎಂದಷ್ಟೇ ಹೇಳಿ ಅಪ್ಪ ಬಸವಣ್ಣ ತಿಂಗಳುಗಟ್ಟಲೆ ಮಾತು ಬಿಟ್ಟ. ಈಗ ಮಲ್ಲು ತನ್ನೂರು ಗೋಗಿಯಿಂದ ಶಹಾಪುರಕ್ಕೆ ಆಟೋ ಹೊಡೆಯುತ್ತಾನೆ. ಹಣಮೇಶ ಪಾಸಾದರೂ ದೋಸ್ತಿ ಬಿಡಲಿಲ್ಲ. ಗಿಟಾರ್ ಕಲಿತು, ಮಲ್ಲುವನ್ನು ಡ್ರಮ್ಸಿಗೆ ಕೂರಿಸಿ, ‘ತಾಟು’ ಎಂಬ ಆಲ್ಬಂ ಕಟ್ಟಿದ. ಪಂಕ್ ರಾಕ್ ಎಂದರೆ ಹಾಡುವುದಕ್ಕಿಂತ ಕಿರುಚುವುದೇ ಹೆಚ್ಚು, ಅದು ಇಬ್ಬರಿಗೂ ಸರಿಹೊಂದಿತು. ಎಂಟು ಹಾಡು, ಒಂದೇ ಕಥೆ: ಹಸಿದ ಹುಡುಗರು ತಿರುಗಿಬಿದ್ದದ್ದು. ಐದನೆಯದು ದ್ರೋಹಿಯ ಹಾಡು. “ಹಾಡ ನಂದು, ಸಿಟ್ಟ ನಿಂದು. ಕಡೀಕ ‘ಯಾರ?’ ಅಂತ ಜನ ಕೇಳಿದಾಗ ಹೆಸರ ನೀನ ಹೇಳ್ಬೇಕು,” ಎಂದಿದ್ದ ಹಣಮೇಶ. ಆ ಮಾತಿಗೆ ಮಲ್ಲು ಅವನನ್ನು ತಬ್ಬಿಕೊಂಡು ಅತ್ತಿದ್ದ.

ಈಗ ಒಳಗೆ ಬಂದ ಹಣಮೇಶ ಬಾಲರಾಜನನ್ನು ಕಂಡವನೇ, ಗಿಟಾರಿನ ತಂತಿ ಬಿಗಿಯಲು ತಲೆ ತಗ್ಗಿಸಿದ.

“ಇವನ್ನ ಹೊರಗ ಹಾಕೋ, ಮಲ್ಲು. ಐದನೇ ಹಾಡಿಗೆ ಮುಂಜಾನಿ ನಾಕ ಸಾಲ ಹೊಸಾವ ಬರದೀನಿ. ತಾವಾಗೇ ಬಂದ್ವು ನೋಡು. ಸ್ಟೇಜ್ ಮ್ಯಾಲ ಕೇಳು.”

“ನಾನೂ ಕೇಳೇ ಹೋಗ್ತೀನಿ,” ಎಂದು ಬಾಲರಾಜ ಹೋಗಿ ಮೊದಲ ಸಾಲಿನಲ್ಲಿ ಕುಳಿತ. ದ್ರೋಹಿಗೆ ಎಷ್ಟು ಧೈರ್ಯ ಎಂದು ಮಲ್ಲುವಿನ ಮೈ ಉರಿಯಿತು.

ಭಾನುವಾರ ಮಧ್ಯಾಹ್ನ ನಾಲ್ಕು. ಶಹಾಪುರದ ಆ ಫಂಕ್ಷನ್ ಹಾಲ್ ಕಾಲೇಜು ಹುಡುಗರಿಂದ ತುಂಬಿತ್ತು. ಟಿಕೆಟ್ಟಿಲ್ಲ, ಮನೆಯಿಂದ ಒಂದು ಸ್ಟೀಲ್ ತಾಟು ತಂದರೆ ಸಾಕು. ಮಲ್ಲುವಿನ ಹಾಸ್ಟೆಲ್ ತಾಟು ಡ್ರಮ್ಮುಗಳ ನಡುವೆ ತೂಗುತ್ತಿತ್ತು. ನಾಲ್ಕು ಹಾಡು ಮುಗಿಯುವುದರೊಳಗೆ ಅವನ ಅಂಗಿ ಒದ್ದೆಯಾಗಿತ್ತು. ಆರು ವರ್ಷ ಕಾದದ್ದು ಈ ಐದನೆಯದಕ್ಕೆ.

ಹಣಮೇಶ ಕಣ್ಣು ಮುಚ್ಚಿ ಹೊಸ ಸಾಲುಗಳನ್ನು ಕಿರುಚಿದ:

“ಕದಾ ಮುಚ್ಚಿತ್ತು, ಚಿಲಕಾ ಬಿದ್ದಿತ್ತು,
ಕದದ ಹಿಂದ ಮೊಳಿ ಬಡದಿತ್ತು,
ಮೊಳಿಗೊಂದು ಕೆಂಪು ಫ್ರಾಕ ತೂಗಿತ್ತು,
ಅದರ ಮುಂದ ದೋಸ್ತನ್ನ ಮಾರಿದ್ದಿ!”

ಮಲ್ಲುವಿನ ಕೈಯಿಂದ ಕೋಲು ಜಾರಿ ಬಿತ್ತು. ಅದೂ ಹಾಡಿನ ಭಾಗವೇ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿ ಬಾಲರಾಜ ಏನೂ ತಿಳಿಯದೆ, ತನ್ನ ಹೆಸರು ಬರುವುದನ್ನೇ ಕಾಯುತ್ತ ತಲೆ ತಗ್ಗಿಸಿ ಕುಳಿತಿದ್ದ.

“ಯಾರ?” ಎಂದರು ಜನ. ತಾಟುಗಳು ಬಡಿದವು. “ಯಾರ? ಯಾರ?”

ತಾನೇನು ಹಾಡಿದೆ ಎಂಬುದು ಇನ್ನೂ ತಿಳಿಯದ ಹಣಮೇಶ, ನಗುನಗುತ್ತ ಬಂದು ಮೈಕನ್ನು ಮಲ್ಲುವಿನ ಬಾಯಿಯ ಬಳಿ ಹಿಡಿದ.

“ಹಣಮೇಶ,” ಎಂದ ಮಲ್ಲು.