ಮೇಲಿನಿಂದ ನೋಡಿದವರು

“ಯಾರ ಮಯ್ಯತ್ ಅದು?” ಎಂದಳು ಜೈತುನಬಿ, ಚಹಾದ ಕಪ್ಪು ಹಿಡಿದು ಸೊಸೆಯ ಬೆನ್ನ ಹಿಂದೆ ನಿಂತು.

ಶಬ್ರೀನ ಲ್ಯಾಪ್‌ಟಾಪಿನಿಂದ ಕಣ್ಣು ಕೀಳಲಿಲ್ಲ. “ಮಯ್ಯತ್ ಅಲ್ಲ ಅಮ್ಮೀ, ರಾಕೆಟ್. ಅಸಲಿ ಐತೋ ನಕಲಿ ಐತೋ ಹೇಳ್ಬೇಕು. ಸುಮ್ನಿರ್ರಿ ಸ್ವಲ್ಪ.”

“ರಾಕೆಟ್ ಅಂತ! ಕಣ್ಣಾಗ ಹೊಗಿ ತುಂಬೇತೇನ? ಹೆಣಾ ಹೆಗಲ ಮ್ಯಾಲ ಹೊತ್ಕೊಂಡ ಹೊಂಟಾರ, ಕಾಣಂಗಿಲ್ಲ?”

ಬೈಕುಲ್ಲಾದ ಚಾಳಿನ ಖೋಲಿಯಲ್ಲಿ ಕೂತು ಶಬ್ರೀನ ಯುದ್ಧದ ಕೆಲಸ ಮಾಡುತ್ತಿದ್ದಳು. ಯಾರ ಯುದ್ಧ, ಯಾವ ದೇಶ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಡ್ರೋನು ಆಕಾಶದಿಂದ ತೆಗೆದ ವಿಡಿಯೊಗಳು ಗೋರೆಗಾಂವ್‌ನ ಕಂಪನಿಯಿಂದ ಬರುತ್ತಿದ್ದವು. ಈಗಿನ ಯುದ್ಧದಲ್ಲಿ ರಬ್ಬರಿನ ಟ್ಯಾಂಕಿಗೆ ಗಾಳಿ ತುಂಬಿ ನಿಲ್ಲಿಸುತ್ತಾರೆ, ನೆಲದ ಮೇಲೆ ವಿಮಾನದ ಚಿತ್ರ ಬರೆಯುತ್ತಾರೆ, ಮರದ ದಿಮ್ಮಿಗೆ ಬಣ್ಣ ಬಳಿದು ತೋಪು ಅನ್ನಿಸುತ್ತಾರೆ. ಈ ಮೋಸ ಹಿಡಿಯಲು ಯಂತ್ರಕ್ಕೆ ಬುದ್ಧಿ ಕಲಿಸಿದ್ದರು. ಅದಕ್ಕೂ ಅನುಮಾನ ಬಂದರೆ ಆ ವಿಡಿಯೊ ಶಬ್ರೀನಳಂಥವರ ಮುಂದೆ ಬರುತ್ತಿತ್ತು. ಪರದೆಯಲ್ಲಿ ಎರಡೇ ಗುಂಡಿ: ಅಸಲಿ, ನಕಲಿ. ಅಸಲಿ ಎಂದರೆ ಅಲ್ಲಿ ಬಾಂಬು ಬೀಳುತ್ತದೆ. ಇದನ್ನೂ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅಷ್ಟು ತಿಳಿಯದ ದಡ್ಡಿಯೇನಲ್ಲ ಅವಳು.

ಈಗ ಪರದೆಯ ಮೇಲೆ ಒಂದು ಇಕ್ಕಟ್ಟಾದ ಓಣಿ ಇತ್ತು. ಗಂಡಸರ ಗುಂಪು ಉದ್ದನೆಯ ಏನನ್ನೋ ಹೊತ್ತು ನಡೆದಿತ್ತು. ಅದರ ಸುತ್ತ ಯಂತ್ರ ಕೆಂಪು ಚೌಕ ಎಳೆದಿತ್ತು. ಎರಡೂ ಬದಿಯ ಮಾಳಿಗೆಗಳ ಅಂಚಿನಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು.

“ನಿಮಗ ಹೆಂಗ ಗೊತ್ತ ಅಮ್ಮೀ?”

“ನಿನ್ನ ಮಾವನ್ನ ಒಯ್ದಾಗ ನೀ ಒಳಗ ಅಳಾಕತ್ತಿದ್ದಿ. ನಾ ಗ್ಯಾಲರ್ಯಾಗ ನಿಂತು ಓಣಿ ತಿರುವಿನ ತನಕಾ ನೋಡೀನಿ. ಮ್ಯಾಲಿಂದ ಹಿಂಗ ಕಾಣತೈತಿ. ಗಂಡಸ್ರಿಗೇನ್ ಗೊತ್ತ, ಅವ್ರು ಕೆಳಗಿರ್ತಾರ. ನಮ್ಮನ್ನ ಕಬರಸ್ತಾನಕ್ಕ ಕರ್ಕೊಂಡ ಹೋಗ್ತಾರೇನ? ಮ್ಯಾಲ ನಿಂತ ಕಳಸ್ಬೇಕು.” ಮುದುಕಿ ಪರದೆಯ ಕಪ್ಪು ಚುಕ್ಕೆಗಳ ಮೇಲೆ ಬೆರಳಿಟ್ಟಳು. “ನೋಡಿಲ್ಲಿ. ಇವ್ರೂ ಹೆಂಗಸ್ರ.”

ಶಬ್ರೀನ ವಿಡಿಯೊ ಹಿಂದಕ್ಕೆ ಎಳೆದು ಮತ್ತೆ ನೋಡಿದಳು. ಅಂಗಡಿಯಿಂದ ಒಬ್ಬ ಓಡಿ ಬಂದು ಹೆಗಲು ಕೊಟ್ಟ, ನಾಲ್ಕು ಹೆಜ್ಜೆ ನಡೆದು ಇನ್ನೊಬ್ಬನಿಗೆ ಬಿಟ್ಟ. ಮುಂದಿದ್ದವರು ಹಿಂದೆ ಸರಿದರು. ಅಸಲಿ ಗುಂಡಿಯ ಮೇಲಿದ್ದ ಅವಳ ಬೆರಳು ತಾನಾಗಿ ಮೇಲೆದ್ದಿತು. ಕೂಡಲೇ ಗೋರೆಗಾಂವ್‌ಗೆ ಫೋನು ಹಚ್ಚಿದಳು. ಅಲ್ಲಿ ಕೆಲಸ ಹಂಚುವ ಚೇತನ ಧಾರವಾಡದವನು.

“ಸರ್, ಇದು ಜನಾಜಾ ರೀ. ಹೆಣ ಒಯ್ಯಾಕತ್ತಾರ. ಯಾವ ಗುಂಡಿ ಒತ್ತಲಿ?”

“ಭಾಭಿ, ಹೆಣಕ್ಕ ಗುಂಡಿ ಇಲ್ಲ.”

“ಇಲ್ಲಂದ್ರ ಮಾಡಸ್ರಿ.”

“ನಮ್ಮಪ್ಪನ ಕಂಪನಿ ಏನ್ರಿ? ಹೆಣದ ಚಾದರ ಹೊದಿಸಿ ರಾಕೆಟ್ ಒಯ್ಯೂ ಮಂದೀನೂ ಅದಾರ. ಮೋಸ ಹಿಡ್ಯಾಕ ಕುಂತ ನಾವ ಮೋಸ ಹೋಗೂದಾ?”

“ರಾಕೆಟ್ ಒಯ್ಯೋರು ದಾರ್ಯಾಗ ಹೊಂಟವ್ರಿಗೆಲ್ಲಾ ಹೆಗಲ ಕೊಡಾಕ ಬಿಡ್ತಾರೇನ್ರಿ? ನೀವ ನೋಡ್ರಿ ಒಮ್ಮೆ!”

“ಅದನ್ನ ನೋಡೇ ಯಂತ್ರಕ್ಕ ಸಂಶಯ ಜಾಸ್ತಿ ಆಗೇತಿ. ಹೋದಂಗ ಹೋದಂಗ ಜನ ಕೂಡಾಕತ್ತಾರ. ನಿಮ್ಮಕಿಂತ ಮೊದಲ ಇಬ್ರು ಅಸಲಿ ಅಂದಾರ. ನೀವೂ ಅಂದ್ಬಿಡ್ರಿ, ಮುಗೀತು. ಇಲ್ಲಾಂದ್ರ ಮ್ಯಾಲಿನವ್ರು ನನ್ನ ಕೇಳ್ತಾರ, ನಾ ನಿಮ್ಮನ್ನ ತಗೀಬೇಕಾಗತೈತಿ.”

ಜೈತುನಬಿ ಫೋನು ಕಸಿದುಕೊಂಡಳು. “ಏ ಧಾರವಾಡದಾಂವಾ, ನಿಮ್ಮ ಮನ್ಯಾಗ ಯಾರೂ ಸತ್ತಿಲ್ಲೇನೋ?”

“ನಂದೂ ಹೊಟ್ಟಿಪಾಡ ಬೇ ಯವ್ವಾ” ಎಂದು ಚೇತನ ಫೋನಿಟ್ಟ.

ಶಬ್ರೀನ ‘ನಕಲಿ’ ಒತ್ತಿದಳು. ಅದು ನಕಲಿಯಾಗಿರಲಿಲ್ಲ; ಆ ಚಾದರದ ಕೆಳಗೆ ನಿಜವಾದ ಒಬ್ಬ ಮನುಷ್ಯ ಸತ್ತು ಮಲಗಿದ್ದ. ಅವನನ್ನು ಹೊತ್ತವರು ಬದುಕಬೇಕಾದರೆ ಅವನನ್ನು ಸುಳ್ಳು ಎನ್ನಲೇಬೇಕಾಗಿತ್ತು. ಪರದೆ ಅವಳಿಗೆ ಧನ್ಯವಾದ ಹೇಳಿ, ಯಾವುದೋ ಸೇತುವೆಯ ವಿಡಿಯೊ ಮುಂದಿಟ್ಟಿತು.

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪು ಎಂದಿನಂತೆ ತೆರೆಯಿತು. ಕೆಲಸ ಹೋಗಿರಲಿಲ್ಲ. ಅವಳು ಸಮಾಧಾನದ ಉಸಿರು ಬಿಡುವಷ್ಟರಲ್ಲಿ ಮೊದಲ ವಿಡಿಯೊ ಬಂತು. ಅದೇ ಓಣಿ, ಅದೇ ತಿರುವು. ಅರ್ಧದಷ್ಟು ಮನೆಗಳು ಮಣ್ಣಾಗಿದ್ದವು. ಅವಳ ಒಂದು ‘ನಕಲಿ’ಗಿಂತ ಮೊದಲಿನ ಇಬ್ಬರ ‘ಅಸಲಿ’ಯೇ ಹೆಚ್ಚು ತೂಗಿತ್ತು. ಓಣಿಯ ಉದ್ದಕ್ಕೂ ಒಂದರ ಹಿಂದೆ ಒಂದು ಜನಾಜಾ ಹೊರಟಿದ್ದವು. ಹೆಗಲು ಬದಲಿಸಲು ಜನ ಸಾಲುತ್ತಿರಲಿಲ್ಲ. ಹೊತ್ತವರೇ ಹೊತ್ತು ತೂರಾಡುತ್ತಿದ್ದರು. ಬಾಂಬು ಬಿದ್ದಲ್ಲಿ ರಾಕೆಟ್ ಸಿಕ್ಕಿರಲಿಲ್ಲವೇನೋ, ಈ ಸಲ ಯಂತ್ರಕ್ಕೆ ಅನುಮಾನವಿರಲಿಲ್ಲ. ಪ್ರತಿಯೊಂದರ ಸುತ್ತಲೂ ಹಸಿರು ಚೌಕ ಎಳೆದು, ಅವಳೇ ಕಲಿಸಿದ ಮಾತನ್ನು ಬರೆದಿತ್ತು: ನಕಲಿ, ನಕಲಿ, ನಕಲಿ. ಕಲಿತ ಪಾಠ ಒಪ್ಪಿಸುವಂತೆ ಕೆಳಗೆ ಒಂದೇ ಪ್ರಶ್ನೆ: ‘ಸರಿಯೇ?’

ಜೈತುನಬಿ ಹಿಂದೆ ಬಂದು ನಿಂತಳು. ಯಾರ ಮಯ್ಯತ್ ಎಂದು ಇವತ್ತು ಕೇಳಲಿಲ್ಲ. ಸೆರಗನ್ನು ತಲೆಯ ಮೇಲೆಳೆದುಕೊಂಡು ಬಗ್ಗಿ, ಉಳಿದ ಮಾಳಿಗೆಗಳ ಅಂಚನ್ನೆಲ್ಲ ಬೆರಳಿನಿಂದ ಸವರುತ್ತ ಹುಡುಕಿದಳು.

“ಕಳಸಾಕ ಮ್ಯಾಲ ಒಬ್ಬ ಹೆಂಗಸೂ ಇಲ್ಲಲ್ಲ, ಬೇಟಿ.”