ವಾಸನೆ ಬಂತು

ಅಪ್ಪನಿಗಿದ್ದ ಪಾರ್ಕಿನ್ಸನ್ ಕಾಯಿಲೆ ತನಗೂ ಬಂದೀತೆಂದು ಗೊಲ್ಲಾಳಪ್ಪನಿಗೆ ದಿಗಿಲು. ದ್ರಾಕ್ಷಿ ತೋಟಕ್ಕೆ ವರ್ಷಗಟ್ಟಲೆ ಹೆಂಡತಿ ನೀಲವ್ವ ಕೀಟನಾಶಕ ಕಲಸಿಕೊಟ್ಟಿದ್ದಳು, ಅವನು ಸಿಂಪಡಿಸಿದ್ದ; ಆ ವಿಷದಿಂದಲೂ ಈ ಕಾಯಿಲೆ ಬರಬಹುದೆಂದು ಕೇಳಿದ್ದ.

"ಕೈ ನಡಗೂಕಿಂತ ಮೊದಲ ಕೆಲವರಿಗೆ ವಾಸನಿ ತಿಳಿಯೂದು ನಿಲ್ತದ" ಎಂದಿದ್ದರು ಡಾಕ್ಟರು. ಅಂದಿನಿಂದ ಅವನು ಬೆಳ್ಳುಳ್ಳಿ, ಸೋಪು, ಎಮ್ಮೆ, ಕಂಡದ್ದನ್ನೆಲ್ಲ ಮೂಸುತ್ತಿದ್ದ. ಅಷ್ಟರಲ್ಲಿ ನೆಗಡಿಯಾಗಿ ಯಾವ ವಾಸನೆಯೂ ತಿಳಿಯದಾಯಿತು. ಜೀವವೇ ಬಾಯಿಗೆ ಬಂತು.

ನೆಗಡಿ ಇಳಿದ ಬೆಳಿಗ್ಗೆ ಅಂಗಳದಲ್ಲಿದ್ದವನ ಮೂಗಿಗೆ ಗಪ್ಪೆಂದು ಸೀದ ವಾಸನೆ ಬಡಿಯಿತು. ಒಳಗೆ ಓಡಿದವನೇ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ನೀಲವ್ವನನ್ನು ಎಬ್ಬಿಸಿ ಗಿರಗಿರನೆ ತಿರುಗಿಸಿದ.

"ವಾಸನಿ ಬಂತಲೇ ನೀಲಾ, ವಾಸನಿ ಬಂತು."

"ಬಿಡ್ರಿ, ತಲಿ ತಿರಗ್ತದ" ಎಂದು ಅವಳೂ ನಕ್ಕಳು. "ಯಾತರ ವಾಸನಿ?"

"ಹಾಲು ಸೀದ ವಾಸನಿ."

ಅವಳು ಒಲೆಯ ಮೇಲಿನ ಕರಕಲು ಪಾತ್ರೆಯತ್ತ ಬಾಗಿ, ಮೂಸಿದಳು.

"ನನಗ ನೆಗಡಿನೂ ಇಲ್ಲಲ್ರಿ. ಮತ್ಯಾಕ ವಾಸನಿ ಬರವಲ್ದು?"