ಕ್ವಾರಿಯ ದೃಶ್ಯ

"ಹೊಸದೇನಾದ್ರೂ ಬಂದೈತೇನಪ್ಪಾ?"

ಯಮನೂರ ಬಾಗಿಲ ಚಿಲಕ ತೆಗೆಯುವಷ್ಟರಲ್ಲಿ ಲಕ್ಷ್ಮಣಪ್ಪ ಹೊಸ್ತಿಲ ಬಳಿ ನಿಂತಿದ್ದರು. ಮೂರು ವಾರದಿಂದ ಪ್ರತಿ ಬೆಳಿಗ್ಗೆ ಇದೇ ಪ್ರಶ್ನೆ.

ಯಮನೂರ ಕೊಪ್ಪಳದ ಕಡೆಯವನು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟರ್. ಚಿಕ್ಕಬಾಣಾವರದಲ್ಲಿ ಲಕ್ಷ್ಮಣಪ್ಪನವರ ವಠಾರದಲ್ಲಿ ಬಾಡಿಗೆಗಿದ್ದ. ಲಕ್ಷ್ಮಣಪ್ಪ ಆ ಊರಿನ ಹಳೇ ಕುಟುಂಬದವರು. ಅಣ್ಣ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರಿಂದ ತಂದೆಯ ಜಮೀನು ಇವರೊಬ್ಬರಿಗೇ ಬಂದಿತ್ತು. ಅದರ ಮೇಲೆಯೇ ಈಗ ಎಂಟು ಮನೆಗಳು.

ಅವರು ಒಮ್ಮೆ ಸಿನಿಮಾ ನಟರಾಗಿದ್ದರೆಂಬುದು ವಠಾರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಲವತ್ತೈದು ವರ್ಷ ಹಿಂದಿನ 'ಬಾಡಿಗೆ ಬಂದೂಕು' ಎಂಬ ಚಿತ್ರವನ್ನು ಯಾರೋ ಯೂಟ್ಯೂಬಿಗೆ ಹಾಕಿದ್ದರು. ಕಡಿಮೆ ಖರ್ಚಿನ ಕಪ್ಪುಬಿಳುಪು ಚಿತ್ರ. ಹಣ ಪಡೆದು ಕೊಲೆ ಮಾಡುವವನ ಕಥೆ. ಊಟದ ಬಿಡುವಿನಲ್ಲಿ ನೋಡುತ್ತಿದ್ದ ಯಮನೂರನಿಗೆ ಆ ಕೊಲೆಗಾರನ ಮೂಗು, ಹುಬ್ಬು ಎಲ್ಲೋ ಕಂಡಂತೆ ಅನಿಸಿತ್ತು. ಸಂಜೆ ಮಾಲೀಕರಿಗೇ ತೋರಿಸಿದ್ದ. ಅವರು ಬಹಳ ಹೊತ್ತು ಪರದೆ ನೋಡಿ, ಕೆಳಗಿನ ಸಾಲುಗಳ ಮೇಲೆ ಬೆರಳಿಟ್ಟು ಕೇಳಿದ್ದರು: "ಇವೆಲ್ಲಾ ಏನು?"

"ನೋಡಿದವ್ರು ಬರೆದಿದ್ದು ರೀ ಮಾಲಕ್ರ. ಹೆಂಗೈತಿ ಅಂತ."

"ಕ್ವಾರಿ ಸೀನ್ ಬಗ್ಗೆ ಏನಂದವ್ರೆ?"

ಅಂದಿನಿಂದ ಅವರಿಗೆ ಬೇಕಿದ್ದದ್ದು ಅದೊಂದೇ. ಚಿತ್ರದ ಕೊನೆಯಲ್ಲಿ ಕೊಲೆಗಾರ ಒಬ್ಬನನ್ನು ಕಲ್ಲು ಕ್ವಾರಿಯ ಅಂಚಿಗೆ ಕರೆತಂದು ನೀರಿಗೆ ತಳ್ಳುತ್ತಾನೆ.

ಇವತ್ತು ಮೂರು ಬಂದಿದ್ದವು. ಯಮನೂರ ತಡವರಿಸುತ್ತ ಓದಿದ.

"'ಕಥೆ ಪರವಾಗಿಲ್ಲ, ಮ್ಯೂಸಿಕ್ ಕಿವಿ ಹರಿಯುತ್ತೆ.' ಇನ್ನೊಂದು, 'ಕ್ವಾರಿ ಸೀನ್ ಸಕ್ಕತ್ ಕಾಮಿಡಿ ಗುರು. ತಳ್ಳೋನ ಮುಖ ನೋಡಿದ್ರೆ ಬಸ್ಸಿಗೆ ಕಾಯ್ತಾ ಇರೋ ಹಂಗಿದೆ. ಆಕ್ಟಿಂಗೇ ಬರಲ್ಲ.'"

ಲಕ್ಷ್ಮಣಪ್ಪನವರ ಮುಖದಲ್ಲಿ ಏನೂ ಕಾಣಲಿಲ್ಲ. "ಇನ್ನೊಂದು?"

"'ನೀರಿಗೆ ಬೀಳೋನು ಯಾರು? ಬೇರೆ ಯಾವ ಸಿನಿಮಾದಾಗೂ ಕಂಡಿಲ್ಲ' ಅಂತ ಕೇಳ್ಯಾನ್ರಿ."

"ಯಾರಾದ್ರೂ ಉತ್ರ ಕೊಟ್ಟವ್ರಾ?"

"ಇಲ್ರೀ."

ಅವರು ತಮ್ಮ ಮನೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಬೈಗುಳ ಕೇಳಿದ ದಿನವೆಲ್ಲ ಹೀಗೆಯೇ. ಏನೂ ಬಾರದ ದಿನ ಮಾತ್ರ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ದಾರಿ ನೋಡುತ್ತ ಕೂರುತ್ತಿದ್ದರು.

ನಲ್ಲಿಯ ಬಳಿ ಅವರ ಹೆಂಡತಿ ಪಿಳ್ಳಮ್ಮ ಯಮನೂರನನ್ನು ತಡೆದರು.

"ನಾನು ಆ ಸಿನಿಮಾನ ಒಂದ್ಸಲಾನೂ ನೋಡಿಲ್ಲ ಕಣಪ್ಪ. ಮದ್ವೆ ಆದಾಗ್ಲೇ ಬ್ಯಾಡ ಅಂದ್ಬಿಟ್ರು. ಈಗ ನೋಡು, ಸರಿಯಾಗಿ ಉಣ್ಣಲ್ಲ, ಮಾತಿಲ್ಲ. ಜನ ಒಂದು ಒಳ್ಳೆ ಮಾತು ಬರೆದ್ರೆ ಏನೋಯ್ತದೆ?"

ಯಮನೂರ ತಲೆಯಾಡಿಸಿ ಹೊರಟ. ಅಂದು ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಡಬ್ಬಿ ಬದಿಗಿಟ್ಟು, 'ಚಿತ್ರರಸಿಕ' ಎಂಬ ಹೆಸರಿನಲ್ಲಿ ಹೊಸ ಖಾತೆ ತೆರೆದ. ಶಾಲೆಯಲ್ಲಿ ಪ್ರಬಂಧಕ್ಕೆ ಬಹುಮಾನ ಪಡೆದವನು. ನಾಲ್ಕು ಸಲ ಅಳಿಸಿ ಬರೆದ.

ಮರುದಿನ ಬೆಳಿಗ್ಗೆ ಅವನೇ ಅವರ ಬಾಗಿಲು ತಟ್ಟಿದ.

"ಮಾಲಕ್ರ, ಇವತ್ತು ಒಂದು ಭಾಳ ಚಲೋದು ಬಂದೈತ್ರಿ. ಕೇಳ್ರಿ. 'ಕ್ವಾರಿಯ ದೃಶ್ಯವನ್ನು ಹತ್ತು ಸಲ ನೋಡಿದೆ. ನಗುವವರಿಗೆ ಏನೂ ತಿಳಿದಿಲ್ಲ. ಆ ಮುಖ ನೋಡಿ, ಆ ಕೈ ನೋಡಿ. ಅದು ನಟನೆಯೇ ಅಲ್ಲ. ನಿಜವಾಗಿ ಕೊಲ್ಲುವವನು ಹಾಗೆಯೇ ಇರುತ್ತಾನೆ. ಇವರು ಈಗ ಎಲ್ಲಿದ್ದಾರೆ?'"

ಲಕ್ಷ್ಮಣಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಇನ್ನೊಂದ್ಸಲ ಓದು."

ಓದಿದ.

"ಎಲ್ಲವ್ನೆ ಅಂತ ಕೇಳವ್ನಾ?"

"ಹೌದ್ರಿ. ಯಾರೋ ಭಾಳ ತಿಳಿದವ್ರು ಇರಬೇಕ್ರಿ."

"ಊಂ," ಎಂದರು ಲಕ್ಷ್ಮಣಪ್ಪ. "ತಿಳ್ಕಂಡವ್ನೆ."

ಅವರು ಸ್ನಾನ ಮಾಡಿದರು. ಎಷ್ಟೋ ದಿನಗಳ ಮೇಲೆ ಎರಡು ಮುದ್ದೆ ಉಂಡರು. ಬಡಿಸುತ್ತಿದ್ದ ಪಿಳ್ಳಮ್ಮ ಅಡುಗೆಮನೆಯ ಕಿಟಕಿಯಿಂದಲೇ ಯಮನೂರನಿಗೆ ಕೈ ಮುಗಿದರು. ಅವನು ನಾಚಿ ತಲೆ ತಗ್ಗಿಸಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಬಂದ ಲಕ್ಷ್ಮಣಪ್ಪ ಹೇಳಿದರು: "ಗಾಡಿ ತೆಗಿ. ಒಂದ್ಕಡೆ ಹೋಗ್ಬೇಕು. ಫೋನ್ ಇಟ್ಕೊ."

ಹಳೇ ಗೆಳೆಯರಿಗೆ ತೋರಿಸಲಿಕ್ಕಿರಬೇಕು ಎಂದುಕೊಂಡ ಯಮನೂರ. ದಾರಿಯುದ್ದಕ್ಕೂ ಅವರು ಎಡಕ್ಕೆ ಬಲಕ್ಕೆ ಎಂದಷ್ಟೇ ಹೇಳಿದರು. ಗಾಡಿ ನಿಂತದ್ದು ಪೊಲೀಸ್ ಸ್ಟೇಷನ್ ಮುಂದೆ. ಬಾಡಿಗೆದಾರರ ವಿವರ ಕೊಡಬೇಕೆಂದು ಯಾರೋ ಹೇಳಿದ್ದು ಅವನಿಗೆ ನೆನಪಾಯಿತು. ಆಧಾರ್ ತಂದಿಲ್ಲವಲ್ಲ ಎಂದುಕೊಳ್ಳುತ್ತ ಹಿಂದೆಯೇ ನಡೆದ.

ಮೇಜಿನ ಹಿಂದೆ ಯುವ ಸಬ್ ಇನ್ಸ್‌ಪೆಕ್ಟರ್ ಚಹಾ ಕುಡಿಯುತ್ತಿದ್ದರು. "ಏನ್ ಯಜಮಾನ್ರೇ?"

"ಅದನ್ನ ಸಾಹೇಬ್ರಿಗೆ ತೋರ್ಸಪ್ಪ. ಕ್ವಾರಿದು," ಎಂದರು ಲಕ್ಷ್ಮಣಪ್ಪ.

ಸಬ್ ಇನ್ಸ್‌ಪೆಕ್ಟರ್ ಪೂರ್ತಿ ನೋಡಿದರು. ಮುದುಕನ ಮುಖವನ್ನೂ ಪರದೆಯನ್ನೂ ಹೋಲಿಸಿ ನಕ್ಕರು. "ಅರೆ, ಇದು ನೀವೇ! ಚೆನ್ನಾಗೇ ಮಾಡಿದೀರಲ್ಲ. ನಿಜ ಅನ್ನೋ ಹಾಗಿದೆ."

ಯಮನೂರ ಹೆಮ್ಮೆಯಿಂದ ಲಕ್ಷ್ಮಣಪ್ಪನವರ ಕಡೆ ತಿರುಗಿದ. ಅವರು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಿದ್ದರು. ದನಿ ಎಂದಿನಂತೆಯೇ ಇತ್ತು.

"ಬೀಳ್ತಾ ಇರೋನು ನಮ್ಮಣ್ಣ ಸಾರ್, ಮುನಿಯಣ್ಣ ಅಂತ, ಅವತ್ತು ನೀರಿಂದ ಮೇಲೆ ಬರ್ಲೇ ಇಲ್ಲ. ಸೊಂಟದುದ್ದ ನೀರು ಅಂತ ಅವನಿಗೆ ಹೇಳಿದ್ದೆ, ಇವನಿಗೆ ಈಜು ಬತ್ತದೆ ಅಂತ ಡೈರೆಕ್ಟರ್‌ಗೆ ಹೇಳಿದ್ದೆ, ಎರಡೂ ಸುಳ್ಳು."